ಒಲೆಯ ಎಡಬದಿ

ಒಣಬಟ್ಟೆಗೆ ಎರಡು ತೊಟ್ಟು ತೆಂಗಿನೆಣ್ಣೆ ಹಾಕಿಕೊಂಡು ಗ್ಯಾಸ್ ಒಲೆಯ ಸ್ಟೀಲನ್ನು ಒರೆಸುತ್ತಿದ್ದೆ. ಬೆಳಗಿನ ದೋಸೆಯ ಬಿಸಿ ಇನ್ನೂ ಪೂರ್ತಿ ಆರಿರಲಿಲ್ಲ. ಬೆಚ್ಚಗಿನ ಸ್ಟೀಲಿಗೆ ಎಣ್ಣೆ ತಾಗಿ ಮೆಲ್ಲಗೆ ಪರಿಮಳ ಎದ್ದಿತು. ಅದರ ಹಿಂದೆಯೇ ಯಲ್ಲಾಪುರದ ಆ ಪುಟ್ಟ ಅಂಗಡಿ, ತಗಡಿನ ಮಾಡಿನ ತೂತಿನಿಂದ ಇಳಿಯುತ್ತಿದ್ದ ಬಿಸಿಲಕೋಲು, ಕಟ್ಟೆಯ ಮೇಲೆ ಸಾಲಾಗಿ ಕೂತ ಒಲೆ, ಕುಕ್ಕರು, ಮಿಕ್ಸರುಗಳು... ಕೈ ಒರೆಸುತ್ತಲೇ ಇತ್ತು, ನಾನು ಇಲ್ಲಿರಲಿಲ್ಲ.

ಆ ಅಂಗಡಿಯವರು ಒಲೆ ರಿಪೇರಿ ಮಾಡುವವರು. ಹೆಸರು ಕೇಳಿದ ನೆನಪಿಲ್ಲ. ಎಲ್ಲರೂ ಒಲೆ ರಿಪೇರಿಯವರು ಎಂದೇ ಹೇಳುತ್ತಿದ್ದರು. ಅವರದೊಂದು ಕ್ರಮವಿತ್ತು. ಏನೇ ತಂದುಕೊಟ್ಟರೂ ಮೊದಲು ತಾವೇ ಒರೆಸಿ ಸ್ವಚ್ಛ ಮಾಡುವರು, ಬಿಚ್ಚುವುದು ಆಮೇಲೆ. ಬಿಸಿನೀರು, ಸೋಪಿನ ಪುಡಿ, ಹಲ್ಲುಜ್ಜುವ ಹಳೆ ಬ್ರಷ್ಷು, ಕೊನೆಗೆ ತೆಂಗಿನೆಣ್ಣೆ. ಸ್ಟೀಲಿಗೂ ಮರದ ಹಾಗೆ ಗೆರೆ ಇರುತ್ತದೆ, ಗೆರೆ ಹೋದ ಕಡೆಗೇ ಒರೆಸಬೇಕು, ಅಡ್ಡ ತಿಕ್ಕಿದರೆ ಗೀರು ಬೀಳುತ್ತದೆ ಎಂದು ಬಂದವರಿಗೆಲ್ಲ ಹೇಳುವರು. ಕಾಯುವವರಿಗೆ ಬೇಜಾರು ಬರುತ್ತಿತ್ತು. ನನಗಂತೂ ಮೂಗಿನ ತುದಿಯಲ್ಲೇ ಕೋಪ.

ಆಗ ನಾನು ಅಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಅಮ್ಮ ನನ್ನ ಜೊತೆಗಿದ್ದಳು. ಅಡುಗೆಮನೆ ಪೂರ್ತಿ ಅವಳದೇ ಕಾರುಬಾರು. ನಾನು ಒಂದು ಲೋಟ ತೊಳೆದಿಟ್ಟರೂ ಸಮಾಧಾನವಿಲ್ಲದೆ ಮತ್ತೊಮ್ಮೆ ತೊಳೆಯುವಳು. ಅವಳ ಸ್ಟೀಲ್ ಒಲೆಯಲ್ಲಿ ಮುಖ ನೋಡಿಕೊಳ್ಳಬಹುದು ಎಂದು ನೆಂಟರು ಹೇಳಿದರೆ ಅವಳು ಹಿಗ್ಗುವುದನ್ನು ನೋಡಬೇಕಿತ್ತು. ಆದರೆ ಕೆಲವು ತಿಂಗಳಿಂದ ಲೋಟ ಬೀಳಿಸುವುದು, ಬಾಗಿಲಿಗೆ ಭುಜ ಬಡಿಸಿಕೊಳ್ಳುವುದು ಹೆಚ್ಚಾಗಿತ್ತು. ಅಷ್ಟು ಗಡಿಬಿಡಿ ಯಾಕೆ ಎಂದು ನಾನು ಗದರುತ್ತಿದ್ದೆ.

ಒಂದು ದಿನ ಎಡಗಡೆಯ ಬರ್ನರು ಸರಿಯಾಗಿ ಉರಿಯಲಿಲ್ಲ. ಶಾಲೆ ಬಿಟ್ಟ ಮೇಲೆ ಒಲೆಯನ್ನು ಆಟೋದಲ್ಲಿಟ್ಟುಕೊಂಡು ಅವರಲ್ಲಿಗೆ ಹೋದೆ. ಅವರು ಬಟ್ಟೆ ಕೈಗೆತ್ತಿಕೊಂಡವರು ಒರೆಸದೆ ಒಲೆಯನ್ನೇ ನೋಡಿದರು. ಆಮೇಲೆ ಒಂದು ಬೆರಳನ್ನು ಒಲೆಯ ಮೇಲೆ ಬಲದಿಂದ ಎಡಕ್ಕೆ ನಿಧಾನವಾಗಿ ಸವರಿದರು. ಬಲಗಡೆ ಫಳಫಳ. ಮಧ್ಯ ದಾಟಿದ ಮೇಲೆ ಬೆರಳು ಅಂಟತೊಡಗಿತು. ಎಡ ಅಂಚಿನಲ್ಲಿ ಉಕ್ಕಿದ ಹಾಲು, ಸಿಡಿದ ಒಗ್ಗರಣೆಯ ಎಣ್ಣೆ ಎಲ್ಲ ಎಷ್ಟೋ ದಿನದಿಂದ ಒಣಗಿ ಕಂದುಗಟ್ಟಿತ್ತು. ನಾನು ಆವರೆಗೆ ಒಲೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

ಒಲೆ ಒರೆಸುವವರು ಯಾರು ಎಂದು ಕೇಳಿದರು. ಅಮ್ಮ ಎಂದೆ, ಸಿಡುಕಿಯೇ. ಅವರು ಬಟ್ಟೆ ಕೆಳಗಿಟ್ಟರು.

“ಅಕ್ಕೋರೆ, ಮೈಗಳ್ಳರಾದ್ರೆ ನಾಕೂ ಮೂಲೆ ಬಿಡ್ತಾರೆ. ಇವ್ರು ಒಂದೇ ಬದಿ ಬಿಟ್ಟಿದ್ದಾರೆ. ಆ ಬದಿ ಅವ್ರಿಗೆ ಕಾಣ್ತಾ ಇಲ್ಲ. ಕಣ್ಣಿನ ಡಾಕ್ಟ್ರಿಗೆ ತೋರಿಸ್ರಿ, ತಡ ಮಾಡಬೇಡ್ರಿ.”

ಅವರು ಬರ್ನರು ಸರಿಮಾಡಿ ಕೊಟ್ಟರು, ನಾನು ಒಲೆ ಎತ್ತಿಕೊಂಡು ಮನೆಗೆ ಬಂದೆ. ಆ ವಾರವೇ, ನನ್ನ ಕನ್ನಡಕ ಬದಲಿಸಬೇಕೆಂದು ಸುಳ್ಳು ಹೇಳಿ ಅಮ್ಮನನ್ನು ಹುಬ್ಬಳ್ಳಿಗೆ ಕರೆದೊಯ್ದೆ. ಕಣ್ಣಿನೊಳಗಿನ ಒತ್ತಡ ಏರಿ ಎಡಗಣ್ಣು ಬಹುಪಾಲು ಹೋಗಿತ್ತು, ಹೋದದ್ದು ತಿರುಗಿ ಬಾರದು ಎಂದರು ಡಾಕ್ಟರು. ಬಲಗಣ್ಣಿಗೂ ಶುರುವಾಗಿತ್ತು, ದಿನಾ ತಪ್ಪದೆ ಔಷಧಿಯ ಹನಿ ಬಿಟ್ಟರೆ ಅದನ್ನು ಉಳಿಸಿಕೊಳ್ಳಬಹುದಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಅಮ್ಮ ನನ್ನ ಹೆಗಲಿಗೆ ಒರಗಿ ನಿದ್ದೆಹೋದಳು. ಗದರಿದ್ದೆಲ್ಲ ಒಂದೊಂದಾಗಿ ನೆನಪಾಗಿ ನಾನು ಕಲಘಟಗಿ ದಾಟುವವರೆಗೂ ಅಳುತ್ತಲೇ ಇದ್ದೆ.

ಬಲಗಣ್ಣು ಉಳಿಯಿತು. ಒಲೆಯ ಸಂಗತಿಯನ್ನು ಮಾತ್ರ ಅಮ್ಮನಿಗೆ ಹೇಳಲಿಲ್ಲ. ತನ್ನ ಒಲೆಯ ಜಿಡ್ಡನ್ನು ಹೊರಗಿನವರು ನೋಡಿದರೆಂದು ತಿಳಿದರೆ ಕುಗ್ಗಿಹೋಗುತ್ತಾಳೆ ಎಂದುಕೊಂಡೆ. ಒಲೆ ರಿಪೇರಿಯವರ ಅಂಗಡಿಗೆ ಹೋಗಿ ಉಪಕಾರವಾಯಿತೆಂದು ಒಂದು ಮಾತು ಹೇಳುವುದೂ ಆಗಲಿಲ್ಲ. ಇವತ್ತು ಹೋಗೋಣ, ನಾಳೆ ಹೋಗೋಣ... ಅಷ್ಟರಲ್ಲಿ ಶಿರಸಿಗೆ ವರ್ಗವಾಯಿತು. ವರ್ಷಗಳು ಹೇಗೆ ಹೋದವೋ.

ಕಳೆದ ಚಳಿಗಾಲದ ಒಂದು ಸಂಜೆ ಯಾಕೋ ಎಲ್ಲವನ್ನೂ ಹೇಳಿಬಿಟ್ಟೆ. ಅಮ್ಮ ಕುಗ್ಗಲಿಲ್ಲ, ನಕ್ಕಳು. ಮರುದಿನವೇ ಹಾಳೆಯಂಥ ಸಿಹಿ ತೊಡದೇವಿನ ಕಟ್ಟು ಹಿಡಿದು, ನನ್ನನ್ನೂ ಕರೆದುಕೊಂಡು ಯಲ್ಲಾಪುರಕ್ಕೆ ಹೊರಟಳು. ಅಲ್ಲಿ ನೋಡಿದರೆ ಒಲೆ ರಿಪೇರಿಯ ಜಾಗದಲ್ಲಿ ಮೊಬೈಲ್ ಅಂಗಡಿ. ಅವರು ತೀರಿಕೊಂಡು ಎರಡು ವರ್ಷವಾಯಿತು ಎಂದರು ಪಕ್ಕದವರು. ಅಮ್ಮ ಕಟ್ಟನ್ನು ಎದೆಗೊತ್ತಿಕೊಂಡಳು.

“ನೀ ಎಂತಕ್ಕೆ ಮುಂಚೆ ಹೇಳಿದ್ದಿಲ್ಲೆ?” ಎಂದಳು. ಅಷ್ಟೇ.

ಈಗ ಔಷಧಿ ಬಿಡಲು ಕೂರಿಸಿಕೊಂಡಾಗಲೆಲ್ಲ ಅಮ್ಮ ಒಲೆ ರಿಪೇರಿಯವರ ಬಗ್ಗೆ ಕೇಳುತ್ತಾಳೆ. ನೋಡಲು ಹೇಗಿದ್ದರು, ಗಡ್ಡವಿತ್ತೋ, ನಗುತ್ತಿದ್ದರೋ. ಇವತ್ತೂ ಕೇಳಿದಳು. ಸ್ಟೀಲಿನ ಮೇಲೆ ಸವರಿದ ಆ ಬೆರಳು ನೆನಪಿದೆ, ಬಟ್ಟೆ ಕೆಳಗಿಟ್ಟದ್ದು ನೆನಪಿದೆ... ಮುಂದೆ ಬರುವುದಿಲ್ಲ. ಹೋದಾಗಲೆಲ್ಲ ಬೇಗ ಮುಗಿಯಲಿ ಎಂದು ಗಡಿಯಾರ ನೋಡುತ್ತಿದ್ದೆ, ಆ ದಿನ ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಅವರ ಮುಖವನ್ನು ನಾನು ನೋಡಿಯೇ ಇರಲಿಲ್ಲ.