ಬದುವಿನ ಮೇಲೆ ಬಸ್ಸು

ರಿಟೈರಾದ ಮೇಲೆ ಕಂಡಕ್ಟರು ಮನೆಯನ್ನೇ ಬಸ್ಸು ಮಾಡಿಕೊಂಡರು. ಅಡುಗೆಮನೆ ಬಾಗಿಲಲ್ಲಿ ಯಾರಾದರೂ ನಿಂತರೆ ಸಾಕು, "ಒಳಗೆ ಹೋಗಿ, ಒಳಗೆ ಹೋಗಿ, ಬಾಗಿಲಲ್ಲಿ ನಿಲ್ಬೇಡಿ" ಎನ್ನುವರು. ಬಚ್ಚಲಿಗೆ ಹೋದವರು ತಡಮಾಡಿದರೆ ಬಾಗಿಲನ್ನು ಟಪಟಪ ಬಡಿದು "ಇಳಿಯೋರು ಬೇಗ ಇಳೀರಿ" ಎನ್ನುವರು. ಒಂದು ದಿನ ಬೀಗರು ಬಂದಾಗ ಇಬ್ಬರು ಕೂರುವ ಸೋಫಾದ ಮೇಲೆ ನಾಲ್ವರನ್ನು ಕೂರಿಸಿ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರು. ಹೆಂಡತಿಗೆ ತಲೆ ಚಿಟ್ಟು ಹಿಡಿಯಿತು.

"ರೀ, ನಿಮಗೆ ಕೈ ಮುಗೀತೀನಿ. ಎಲ್ಲಾದ್ರೂ ಹೊರಗೆ ಹೋಗಿ ಸುತ್ತಾಡ್ಕೊಂಡು ಬನ್ನಿ."

ಹಾಗೆ ಶುರುವಾದದ್ದು ಭಾನುವಾರದ ನಡಿಗೆ. ಪೇಟೆಯ ಕೊನೆಯ ಅಂಗಡಿ ದಾಟಿದರೆ ಬರೀ ಹೊಲ. ಏರಿಲ್ಲ, ಇಳಿತವಿಲ್ಲ, ಒಂದು ಕಾಲುವೆ, ಒಂದು ಬದು, ತರಕಾರಿ ಮಡಿಗಳು, ಮತ್ತೆ ಕಾಲುವೆ. ಇದರಲ್ಲಿ ನೋಡುವುದೇನಿದೆ ಎಂದು ನೀವು ಕೇಳಬಹುದು. ಕಂಡಕ್ಟರಿಗೆ ಮಾತ್ರ ಎರಡು ಕಣ್ಣು ಸಾಲದು. ಇದೇ ಹೊಲಗಳ ಪಕ್ಕದ ರಸ್ತೆಯಲ್ಲಿ ಅವರು ಜೀವಮಾನವೆಲ್ಲ ಓಡಾಡಿದ್ದರು. ಆದರೆ ಮುಖವಿದ್ದದ್ದು ಜನರ ಕಡೆಗೆ, ಟಿಕೆಟ್ಟಿನ ಕಡೆಗೆ. ಎಲೆಕೋಸು ಗೋಣಿಚೀಲದಲ್ಲಿ ಕೂತು ಬಸ್ಸು ಹತ್ತುವುದನ್ನು ಕಂಡಿದ್ದರೇ ಹೊರತು ನೆಲದ ಮೇಲೆ ಕೂತದ್ದನ್ನು ಕಂಡಿರಲಿಲ್ಲ.

ಕಂಡಕ್ಟರು ಎಂದ ಮೇಲೆ ಪ್ಯಾಸೆಂಜರು ಬೇಡವೇ? ಮೊದಲು ಟೈಲರಮ್ಮ ಬಂದರು. ಆಮೇಲೆ ಔಷಧಿ ಅಂಗಡಿಯವರು, ಅವರ ಹಿಂದೆ ಬೀದಿಯ ಇನ್ನೊಂದಿಷ್ಟು ಜನ. ಸಾಲಿನ ಕೊನೆಯಲ್ಲಿ ನಿಂತು ಕಂಡಕ್ಟರು "ರೈಟ್!" ಎಂದರೆ ಎಲ್ಲರೂ ನಡೆಯಬೇಕು, "ಹೋಲ್ಡಾನ್!" ಎಂದರೆ ನಿಲ್ಲಬೇಕು. ನಿಲ್ಲದವರಿಗೆ ಮಂಗಳಾರತಿ ತಪ್ಪಿದ್ದಲ್ಲ.

ಹೀಗಿರುವಾಗ ಡ್ರೈವರಣ್ಣನ ಮಗಳು ತರಕಾರಿ ಅಂಗಡಿಯಲ್ಲಿ ಸಿಕ್ಕಳು. ಡ್ರೈವರಣ್ಣ ಎಂದರೆ ಕಂಡಕ್ಟರ ಜೋಡಿ. ಸರ್ವಿಸಿನ ಉದ್ದಕ್ಕೂ ಒಂದೇ ಬಸ್ಸಿನಲ್ಲಿ ಇವರು ಹಿಂದೆ, ಅವರು ಮುಂದೆ.

"ಚಿಕ್ಕಪ್ಪಾ, ಅಪ್ಪಂಗೆ ಮಂಡಿ ಆಪರೇಷನ್ ಆಯ್ತಲ್ಲ, ಈಗ ನಡೀಲೇಬೇಕು ಅಂತ ಡಾಕ್ಟ್ರು ಹೇಳಿದಾರೆ. ನಡೀದಿದ್ರೆ ಮಂಡಿ ಹಂಗೇ ಬಿಗಿದುಹೋಗತ್ತಂತೆ, ಆಮೇಲೆ ಕುರ್ಚಿನೇ ಗತಿಯಂತೆ. ಇವರು ಜಪ್ಪಯ್ಯ ಅಂದ್ರೂ ಏಳಲ್ಲ."

ಒಡಹುಟ್ಟಿದವರಿಲ್ಲದ ಕಂಡಕ್ಟರಿಗೆ ಅಣ್ಣ ಎಂದು ಇದ್ದದ್ದು ಅದೊಂದೇ ಜೀವ. ತರಕಾರಿ ಚೀಲವನ್ನೂ ಮನೆಗೆ ಮುಟ್ಟಿಸದೆ ನೇರ ಅಲ್ಲಿಗೇ ನಡೆದರು.

ಡ್ರೈವರಣ್ಣ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು, ಕಾಲನ್ನು ಸ್ಟೂಲಿನ ಮೇಲಿಟ್ಟು, ಬೀದಿಯಲ್ಲಿ ಹೋಗುವ ವಾಹನಗಳಿಗೆ ಬೈಯುತ್ತಿದ್ದರು.

"ನೋಡೋ ಅವನ್ನ. ಗೇರ್ ಬದಲಾಯಿಸಕ್ಕೆ ಬರಲ್ಲ, ಲೈಸೆನ್ಸ್ ಯಾವನು ಕೊಟ್ನೋ!"

"ಅದಿರಲಿ, ಭಾನುವಾರ ನಮ್ಮ ಜೊತೆ ನಡಿಗೆಗೆ ಬನ್ನಿ."

"ನಡೆಯೋದು ಪ್ಯಾಸೆಂಜರ್ ಕೆಲಸ ಕಣೋ. ನಾನು ಡ್ರೈವರ್."

ಮಾತು ಜಂಬದ್ದು, ಒಳಗಿದ್ದದ್ದು ನಾಚಿಕೆ. ಪೇಟೆಯೆಲ್ಲ ಯಾರಿಗೆ ದಾರಿ ಬಿಡುತ್ತಿತ್ತೋ ಆ ಮನುಷ್ಯ ಈಗ ಕುಂಟುತ್ತ ಹೋಗುವುದನ್ನು ಅದೇ ಪೇಟೆ ನೋಡಬೇಕೇ? ಕಂಡಕ್ಟರು ಗೋಗರೆದರು, ರೇಗಿದರು, ಮುನಿಸಿಕೊಂಡು ಎದ್ದರು. ಎಲ್ಲವೂ ನೀರಲ್ಲಿ ಮಾಡಿದ ಹೋಮವಾಯಿತು. ಬಾಗಿಲ ಹತ್ತಿರ ಹೋಗಿ, ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ ಗೊಣಗಿದರು: "ನಾನು ಹಿಂದೆ ಇರೋನು, ನಾನಾದ್ರೂ ಏನು ಮಾಡ್ಲಿ? ಮುಂದೆ ಗೊತ್ತಿರೋರು ಯಾರೂ ಇಲ್ಲ. ಹೋದ ವಾರ ಆ ಟೈಲರಮ್ಮ ಅಷ್ಟೂ ಜನರನ್ನ ಯಾರದೋ ದನದ ಕೊಟ್ಟಿಗೆಗೆ ನುಗ್ಗಿಸಿಬಿಟ್ರು."

ಶುದ್ಧ ಸುಳ್ಳು. ಟೈಲರಮ್ಮನಿಗೆ ಗೊತ್ತಾಗಿದ್ದರೆ ಕತ್ತರಿ ಹಿಡಿದೇ ಬರುತ್ತಿದ್ದರು.

ಬಾಗಿಲು ದಾಟುವಷ್ಟರಲ್ಲಿ ಕುರ್ಚಿಯಿಂದ ಗಂಟಲು ಸರಿಮಾಡಿಕೊಂಡ ಸದ್ದು.

"ಯಾವ ರೂಟು?"

ಭಾನುವಾರ ಬೆಳಿಗ್ಗೆ ಡ್ರೈವರಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊರುಗೋಲು ಹಿಡಿದು ಸಾಲಿನ ಮುಂದೆ ನಿಂತರು. ಕಂಡಕ್ಟರು ಹಿಂದಿನಿಂದ "ರೈಟ್!" ಎಂದರು. ಮೆರವಣಿಗೆ ಬಸವನಹುಳುವಿನ ವೇಗದಲ್ಲಿ ಹೊರಟಿತು. ಟೈಲರಮ್ಮ ಪಕ್ಕದಿಂದ ನುಸುಳಲು ನೋಡಿದಾಗ, "ಓವರ್‌ಟೇಕ್ ಮಾಡಂಗಿಲ್ಲ!" ಎಂದು ಆಜ್ಞೆಯಾಯಿತು. ಪಾಪ, ಆಕೆ ಬಾಯಿ ಮುಚ್ಚಿಕೊಂಡು ಮೂಲಂಗಿ ನೋಡುತ್ತ ನಡೆದರು.

ಕಾಲುವೆಗೆ ಅಡ್ಡ ಹಾಕಿದ್ದ ಹಲಗೆಯ ಹತ್ತಿರ ಟೈಲರಮ್ಮನ ಚಪ್ಪಲಿ ಕೆಸರಲ್ಲಿ ಹೂತುಕೊಂಡಿತು. "ಹೋಲ್ಡಾನ್!" ಎಂದು ಕಂಡಕ್ಟರು ಕೂಗಿದರು. ಚಪ್ಪಲಿ ಬಂತು, ಅದರ ಜೊತೆ ಅರ್ಧ ಗದ್ದೆಯೂ ಬಂತು. ಎಲ್ಲರೂ ನಕ್ಕರು. ಅಷ್ಟರಲ್ಲಿ ನೀರಿನ ಮೇಲೆ ಬಾತುಕೋಳಿಯೊಂದು ಮರಿಗಳನ್ನು ಸಾಲಾಗಿ ಕರೆದುಕೊಂಡು ಬಂತು. ಸಾಲು ಎಷ್ಟು ಶಿಸ್ತಾಗಿತ್ತೆಂದರೆ ಕಂಡಕ್ಟರು ಲೋಕವನ್ನೇ ಮರೆತು ನೋಡುತ್ತ ನಿಂತರು.

"ಕಂಡಕ್ಟ್ರೇ, ಡ್ರೈವರಣ್ಣಂಗೆ ಏನೋ ಆಗಿದೆ!"

ಔಷಧಿ ಅಂಗಡಿಯವರ ಗಾಬರಿಯ ದನಿಗೆ ಕಂಡಕ್ಟರು ತಿರುಗಿದರು. ಡ್ರೈವರಣ್ಣ ಹಲಗೆಯ ನಟ್ಟನಡುವೆ ಗೂಟ ಹೊಡೆದಂತೆ ನಿಂತಿದ್ದರು. ಮುಂದೆ ಹೆಜ್ಜೆಯಿಲ್ಲ, ಹಿಂದೆ ಹೆಜ್ಜೆಯಿಲ್ಲ. ಔಷಧಿ ಅಂಗಡಿಯವರು ಜೇಬಿನಿಂದ ಮುಲಾಮು ತೆಗೆದರು. ಟೈಲರಮ್ಮ, "ಹೊತ್ಕೊಂಡಾದ್ರೂ ಹೋಗೋಣ" ಎಂದರು. ಮುಗಿಯಿತು, ಮಂಡಿ ಕೈಕೊಟ್ಟಿತು, ಕರೆದುಕೊಂಡು ಬಂದು ನಾನೇ ಕೆಡಿಸಿದೆ ಎಂದುಕೊಂಡು ಕಂಡಕ್ಟರು ಹಲಗೆಯ ಕಡೆಗೆ ಓಡಿದರು.

"ಏನಾಯ್ತಣ್ಣಾ? ನೋವಾ?"

"ನೋವು ಹಾಳಾಗ್ಲಿ. ಹೋಲ್ಡಾನ್ ಅಂದು ಎಷ್ಟು ಹೊತ್ತಾಯ್ತು? ನೀನು ರೈಟ್ ಅನ್ನದೆ ನಾನು ಹೆಂಗೋ ಗಾಡಿ ತೆಗೀಲಿ?"

ಬದುವಿನ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಂಡಕ್ಟರಿಗೆ ನಗು ಬರಲಿಲ್ಲ. ಆ ಕಾಲಿನಲ್ಲಿ, ಆ ಹಲಗೆಯ ಮೇಲೆ, ತಮ್ಮ ಒಂದು ಮಾತಿಗಾಗಿ ಕಾಯುತ್ತ ನಿಂತಿದ್ದ ಮನುಷ್ಯನನ್ನೇ ನೋಡುತ್ತ ಅವರು ಹಲಗೆಯ ತುದಿಯಲ್ಲಿ ನಿಂತರು. "ರೈಟ್" ಎಂದರು. ದನಿ ಅವರಿಗೇ ಸರಿಯಾಗಿ ಕೇಳಿಸಲಿಲ್ಲ. ಡ್ರೈವರಣ್ಣ ಹಲಗೆ ದಾಟಿದರು.

ವಾಪಸು ಬರುವಾಗ ಗಾಡಿದಾರಿ ಸಿಕ್ಕಿತು, ಇಬ್ಬರು ಅಕ್ಕಪಕ್ಕ ನಡೆಯುವಷ್ಟು ಅಗಲ. ಕಂಡಕ್ಟರು ರೂಢಿಯಂತೆ ಹಿಂದಕ್ಕೆ ಸರಿಯಲು ಹೋದರೆ ಡ್ರೈವರಣ್ಣ ತೋಳು ಹಿಡಿದು ಪಕ್ಕಕ್ಕೆಳೆದರು. ಅವರ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿದರು.

"ಇದೇನೋ, ನಿನ್ನ ಮಚ್ಚೆ ಎಡಗೆನ್ನೇಲಿದೆ! ನಾನು ಬಲಗೆನ್ನೇಲಿ ಅಂದ್ಕೊಂಡಿದ್ದೆ."

"ನೀವು ನನ್ನ ನೋಡಿದ್ದೆಲ್ಲ ಬಸ್ಸಿನ ಕನ್ನಡೀಲಿ ಅಲ್ವಾ" ಎಂದರು ಕಂಡಕ್ಟರು. "ಊಟಕ್ಕೆ ಕೂತಾಗ್ಲೂ ತಟ್ಟೆ ಬಿಟ್ಟು ಮೇಲೆ ನೋಡ್ದೋರಲ್ಲ."

ಇಬ್ಬರೂ ನಕ್ಕರು. ನಗುತ್ತಲೇ ಡ್ರೈವರಣ್ಣ ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿ, ಈ ಕೈಯನ್ನು ಕಂಡಕ್ಟರ ಹೆಗಲ ಮೇಲಿಟ್ಟರು. ಸ್ನೇಹಕ್ಕೆ ಇಟ್ಟ ಕೈ ಎಂದು ಮೊದಲು ಅನ್ನಿಸಿತು. ಹೆಜ್ಜೆ ಹೆಜ್ಜೆಗೂ ಅದರ ಭಾರ ಹೆಚ್ಚಿದಾಗ ಕಂಡಕ್ಟರಿಗೆ ಗೊತ್ತಾಯಿತು: ಮಂಡಿ ನಿಜವಾಗಿಯೂ ನೋಯುತ್ತಿದೆ. ಏನೂ ತಿಳಿಯದವರಂತೆ ನಡಿಗೆಯನ್ನು ಇನ್ನಷ್ಟು ನಿಧಾನ ಮಾಡಿದರು. ಹಿಂದೆ ಟೈಲರಮ್ಮ ಗೊಣಗುತ್ತಿದ್ದರು.

ಪೇಟೆಯ ಮೊದಲ ಅಂಗಡಿ ಕಂಡಿತು. ಬಾಗಿಲು ತೆಗೆಯುತ್ತಿದ್ದವರು, ಬೀದಿ ಗುಡಿಸುತ್ತಿದ್ದವರು ತಲೆಯೆತ್ತಿ ನೋಡಿದರು. ಕೈ ಹೆಗಲಿನಿಂದ ಇಳಿಯುತ್ತದೆ ಎಂದು ಕಂಡಕ್ಟರು ಕಾದರು. ಇಳಿಯಲಿಲ್ಲ.

"ನಾಳೆ ಸಂಜೆ ಮನೆ ಹತ್ರ ಬಾರೋ" ಎಂದರು ಡ್ರೈವರಣ್ಣ. "ಭಾನುವಾರದ ತನಕ ಸುಮ್ನೆ ಕೂತ್ರೆ ಈ ಮಂಡಿ ಬಿಗಿಯತ್ತೆ."

ಯಾವ ಪ್ಯಾಸೆಂಜರಿಗೂ ಉತ್ತರ ಬಾಕಿ ಇಟ್ಟವರಲ್ಲ ಕಂಡಕ್ಟರು. ಆ ಹೊತ್ತೂ ಇಡಲಿಲ್ಲ, "ರೈಟ್!" ಎಂದರು.