ನೀಹಾರಿಕೆಗೆ ಕೈ ಹಾಕುವ ಮುನ್ನ

ನನಗೆ ನನ್ನ ಕಣ್ಣಿನ ಮೇಲೆ ವಿಪರೀತ ನಂಬಿಕೆ. ಐವತ್ತು ದಾಟಿದರೂ ಕನ್ನಡಕದ ಹಂಗಿಲ್ಲ. ದೂರದಲ್ಲಿ ಬರುವ ಬಸ್ಸು ಸುರಪುರದ್ದೋ ಯಾದಗಿರಿಯದ್ದೋ ಎಂದು ನಿಲ್ದಾಣದಲ್ಲಿ ಎಲ್ಲರಿಗಿಂತ ಮೊದಲು ಹೇಳುವವನು ನಾನೇ. ಈ ನಂಬಿಕೆಯ ಒಂದೇ ತೊಂದರೆಯೆಂದರೆ ಅದು ಮನೆಯೊಳಗೆ ನಡೆಯುವುದಿಲ್ಲ. ಕಪಾಟಿನಲ್ಲಿ ಏನಾದರೂ ಹುಡುಕಲು ಹೇಳಿದರೆ ಬಾಗಿಲು ತೆರೆದು, ಒಮ್ಮೆ ಕಣ್ಣಾಡಿಸಿ, "ನೋಡಿದೆ, ಇಲ್ಲಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇನೆ. ಹೆಂಡತಿ ಬಂದು ಅದೇ ಕಪಾಟಿನಿಂದ, ಅದೇ ಅರೆಯಿಂದ ಅದನ್ನು ತೆಗೆದು ನನ್ನ ಕೈಗಿಟ್ಟು, ಒಂದು ಮಾತೂ ಆಡದೆ ಹೋಗುತ್ತಾಳೆ. ಆಡದ ಆ ಮಾತು ನನಗೆ ಚೆನ್ನಾಗಿ ಕೇಳಿಸುತ್ತದೆ.

ತಮಾಷೆಯೆಂದರೆ, ಕಣ್ಣನ್ನು ಪೂರ್ತಿ ನಂಬಬೇಡಿ ಎಂದು ಊರೂರು ತಿರುಗಿ ಭಾಷಣ ಮಾಡುವವನೂ ನಾನೇ. ಶಹಾಪುರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪಾಠ ಮಾಡುವುದು ನನ್ನ ಕಸುಬು, ನಕ್ಷತ್ರಗಳ ಹುಚ್ಚು ಅದಕ್ಕೆ ಅಂಟಿಕೊಂಡು ಬಂದದ್ದು. ಬಿಡುವಿದ್ದ ದಿನ ಎರಡು ಚಿತ್ರಗಳನ್ನು ಸುರುಳಿ ಸುತ್ತಿ ಬೈಕಿಗೆ ಕಟ್ಟಿಕೊಂಡು ಭೀಮರಾಯನಗುಡಿಯೋ ಸೈದಾಪುರವೋ, ಯಾವ ಶಾಲೆ ಕರೆದರೆ ಆ ಶಾಲೆಗೆ ಹೊರಡುತ್ತೇನೆ. ಕರೆಯದಿದ್ದರೆ ನಾನೇ ಫೋನ್ ಮಾಡಿ ಕರೆಸಿಕೊಳ್ಳುತ್ತೇನೆ.

ಎರಡೂ ಚಿತ್ರ ಒಂದೇ ನೀಹಾರಿಕೆಯವು. ನೀಹಾರಿಕೆಯೆಂದರೆ ಆಕಾಶದಲ್ಲಿ ಅನಿಲ ಮತ್ತು ಧೂಳು ಸೇರಿ ಆದ ಮಹಾ ಮೋಡ. ಕೆಲವು ನೀಹಾರಿಕೆಗಳ ಹೊಟ್ಟೆಯಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿರುತ್ತವೆ. ಮೊದಲನೆಯ ಚಿತ್ರ ನಮ್ಮ ಕಣ್ಣಿಗೆ ಕಾಣುವ ಬೆಳಕಿನಲ್ಲಿ ತೆಗೆದದ್ದು. ಅದರಲ್ಲಿ ನಡುವೆ ಕಪ್ಪು ಧೂಳಿನ ಗುಡ್ಡೆ, ಅದರೊಳಗೆ ಏನೂ ಇದ್ದಂತಿಲ್ಲ. ಎರಡನೆಯದು ಅವಕೆಂಪು ಬೆಳಕಿನಲ್ಲಿ ತೆಗೆದದ್ದು. ಕೆಂಪಿನ ಆಚೆಗಿರುವ ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಒಲೆಯ ಮುಂದೆ ಕೂತಾಗ ಮುಖಕ್ಕೆ ಬಿಸಿಯಾಗಿ ತಗಲುತ್ತದೆ. ಧೂಳು ಅದನ್ನು ಅಷ್ಟಾಗಿ ತಡೆಯಲಾರದು. ಹಾಗಾಗಿ ಎರಡನೆಯ ಚಿತ್ರದಲ್ಲಿ ಗುಡ್ಡೆ ತೆಳ್ಳಗಾಗಿ, ಅದರೊಳಗೆ ಅಡಗಿದ್ದ ಎಳೆಯ ನಕ್ಷತ್ರಗಳು ರಾಶಿಯಾಗಿ ಹೊರಗೆ ಬರುತ್ತವೆ. ಎಕ್ಸ್-ರೇಯಲ್ಲಿ ನೋಡಿದರೆ ಅವುಗಳಲ್ಲಿ ರೊಚ್ಚಿಗೆದ್ದವು ಮಿನುಗುತ್ತವೆ. ರೇಡಿಯೋ ಅಲೆಯಲ್ಲಿ ನೋಡಿದರೆ ಇನ್ನೂ ನಕ್ಷತ್ರವಾಗದೆ ತಣ್ಣಗೆ ಕಾದು ಕೂತಿರುವ ಅನಿಲ ಕಾಣುತ್ತದೆ. ಇರುವುದು ಒಂದೇ ನೀಹಾರಿಕೆ, ನಾವು ಯಾವ ಬೆಳಕಿನಲ್ಲಿ ಕೇಳುತ್ತೇವೋ ಆ ಬೆಳಕಿನ ಉತ್ತರ ಕೊಡುತ್ತದೆ.

ಇದನ್ನು ನಮ್ಮ ಕಡೆಯವರಿಗೆ ತಿಳಿಸುವುದು ಕಷ್ಟವಲ್ಲ. ನಮ್ಮೂರ ಗುಡ್ಡವನ್ನೇ ನೋಡಿ. ಒಂದು ಕಡೆಯಿಂದ ನೋಡಿದರೆ ಹಣೆ, ಮೂಗು, ಎದೆ ಎಲ್ಲ ಸರಿಯಾಗಿ ಕೂಡಿ ಬುದ್ಧ ಮಲಗಿರುತ್ತಾನೆ. ಪ್ರವಾಸಿಗರು ಬಂದು ಫೋಟೋ ಹೊಡೆದುಕೊಳ್ಳುತ್ತಾರೆ. ಅದೇ ಗುಡ್ಡದ ಆಚೆ ಬದಿಯಲ್ಲಿ ಕುರಿ ಕಾಯುವವರಿಗೆ ಅಲ್ಲಿ ಬುದ್ಧನೂ ಇಲ್ಲ, ಮಲಗಲು ಜಾಗವೂ ಇಲ್ಲ, ಬರೀ ಬಂಡೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಷ್ಟು ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಮಾಸ್ತರರು ಚಹಾ ತರಿಸುತ್ತಾರೆ. ನಾನು ದೊಡ್ಡ ಜ್ಞಾನಿಯಂತೆ ಮನೆಗೆ ಮರಳುತ್ತೇನೆ.

ಹೋದ ಹತ್ತಿ ಹಂಗಾಮಿನಲ್ಲಿ ನನ್ನ ಹಳೆಯ ಚಿತ್ರಗಳು ಮಡಚಿ ಮಡಚಿ ಹರಿದವು. ಸೈದಾಪುರದ ಹೈಸ್ಕೂಲಿನಲ್ಲಿ ಶುಕ್ರವಾರ ಭಾಷಣ ಗೊತ್ತಾಗಿತ್ತು. ಹೊಸ ಫ್ಲೆಕ್ಸ್ ಮಾಡಿಸಲು ಮೌನೇಶನ ಅಂಗಡಿಗೆ ಹೋದೆ. ಮೌನೇಶ ಸುರಪುರದವನು. ಅವನ ಮುತ್ತಾತಂದಿರು ಚಿನ್ನದ ರೇಕು ಹಚ್ಚಿ ಅಂಗೈಯಗಲದ ಚಿತ್ರ ಬರೆಯುತ್ತಿದ್ದರಂತೆ. ಇವನು ಹತ್ತಡಿ ಅಗಲದ ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಾನೆ. ಕೈಕಸುಬಿನ ಅಭಿಮಾನಕ್ಕೆ ಮಾತ್ರ ಎಲ್ಲೂ ಕಡಿಮೆಯಿಲ್ಲ. ಗುರುವಾರ ಸಂಜೆ ಫ್ಲೆಕ್ಸ್ ಬಿಚ್ಚಿ ನೋಡಿದರೆ ಎರಡನೆಯದು ಸರಿಯಾಗಿತ್ತು, ಮೊದಲನೆಯ ಚಿತ್ರದ ಕಪ್ಪು ಧೂಳು ಪೂರ್ತಿ ಮಾಯವಾಗಿತ್ತು. ಆ ಜಾಗದಲ್ಲಿ ನುಣ್ಣನೆಯ ಗುಲಾಬಿ ಬಣ್ಣ, ಮೇಲೆ ಅಲ್ಲಲ್ಲಿ ನಾಲ್ಕು ನಕ್ಷತ್ರ.

ಧೂಳೆಲ್ಲಿ ಹೋಯಿತು ಎಂದು ಕೇಳಿದೆ.

"ಕರೇ ಕಲಿ ಇದ್ವಲ್ರೀ ಸರ್, ತೆಗದೀನಿ. ನಮ್ಮ ಹಂತ್ಯಾಕ ಬಂದವ್ರೆಲ್ಲಾ ಮಾರಿ ಬೆಳ್ಳಗ ಮಾಡು, ಕಲಿ ತಗಿ ಅಂತಾರ. ನೀವು ಹೇಳ್ಳಿಲ್ಲ, ನಾನಾ ತಿಳಕೊಂಡು ಮಾಡೀನಿ."

ಅವನ ಮುಖದಲ್ಲಿ ಉಪಕಾರ ಮಾಡಿದ ಸಂತೋಷವಿತ್ತು. ಧೂಳೇ ನನ್ನ ಭಾಷಣ, ಧೂಳಿಲ್ಲದಿದ್ದರೆ ಎರಡನೆಯ ಚಿತ್ರಕ್ಕೆ ಕೆಲಸವೇ ಇಲ್ಲ ಎಂದು ಕೂಗಾಡಬೇಕೆಂದಿದ್ದೆ. ಅಷ್ಟರಲ್ಲಿ ಕರೆಂಟು ಹೋಯಿತು, ಮಷೀನು ನಿಂತಿತು. ಬೇರೆ ದಾರಿಯಿಲ್ಲದೆ ಆ ಮುಖ ತೊಳೆದ ನೀಹಾರಿಕೆಯನ್ನೇ ಸುತ್ತಿಕೊಂಡು ಬಂದೆ.

ಮರುದಿನ ಬೆಳಿಗ್ಗೆ ಯಾದಗಿರಿ ದಾಟಿ ಸೈದಾಪುರದ ದಾರಿ ಹಿಡಿದೆ. ನಡುವೆ ಬಳಿಚಕ್ರದಲ್ಲಿ ನಮ್ಮ ಅಕ್ಕ ಶರಣಮ್ಮನ ಮನೆ. ಆ ದಾರಿಯಲ್ಲಿ ಹೋಗಿ ಅವಳ ಮನೆಯ ರೊಟ್ಟಿ ತಿನ್ನದೆ ಮುಂದೆ ಹೋದರೆ ಆ ಸುದ್ದಿ ನನಗಿಂತ ಮೊದಲು ಶಹಾಪುರ ಮುಟ್ಟುತ್ತದೆ. ಹಾಗಾಗಿ ನಿಲ್ಲಿಸಿದೆ.

ಪಡಸಾಲೆಯ ತುಂಬ ಹತ್ತಿ ರಾಶಿ, ನನ್ನ ಹೆಗಲೆತ್ತರ. ಅದರ ಮುಂದೆ ಅಕ್ಕ ಒಂದು ಕಡೆ, ಭಾವ ಸಿದ್ರಾಮಪ್ಪ ಇನ್ನೊಂದು ಕಡೆ ಮುಖ ಮಾಡಿ ಕೂತಿದ್ದರು. ವಿಷಯ ಇಷ್ಟು. ಐದು ದಿನದ ಹಿಂದೆ ಹತ್ತಿ ಬಿಡಿಸುವಾಗ ಹಠಾತ್ತಾಗಿ ಒಂದು ಮಳೆ ಬಿದ್ದಿತ್ತು. ಅಂದು ಬಿಡಿಸಿದ ಹಸಿ ಹತ್ತಿ ಗಡಿಬಿಡಿಯಲ್ಲಿ ರಾಶಿಗೆ ಸೇರಿ, ಮರುದಿನದ ಒಣ ಹತ್ತಿ ಅದರ ಮೇಲೆ ಬಿದ್ದಿತ್ತು. ಒಳಗೆ ಕಾವೇಳುತ್ತಿದೆ, ಇಂದೇ ರಾಶಿ ಬಿಚ್ಚಿ ಬಿಸಿಲಿಗೆ ಹರವಬೇಕು ಎಂದು ಅಕ್ಕ. ಸೋಮವಾರ ಗಾಡಿ ಬರುತ್ತದೆ, ಮಲ್ಲಿಗೆಯಂತಿರುವ ಹತ್ತಿಯನ್ನು ಅಂಗಳಕ್ಕೆ ಹಾಕಿ ಧೂಳು ಹಿಡಿಸಬೇಡ ಎಂದು ಭಾವ. ಅಕ್ಕ ಹೇಳಿದ್ದು ನಿಜವಾದರೆ ವರ್ಷದ ಬೆಳೆಯೆಲ್ಲ ಒಳಗಿಂದೊಳಗೆ ಹಳದಿಯಾಗಿ ಕೆಡುತ್ತದೆ, ಕಾವು ಹೆಚ್ಚಾದರೆ ಹೊಗೆಯೂ ಏಳಬಹುದು. ಎರಡು ದಿನದಿಂದ ಅವಳು ಹೇಳುತ್ತಿದ್ದಳು, ಯಾರೂ ಕೇಳಿರಲಿಲ್ಲ.

"ಬಾ ತಮ್ಮಾ," ಎಂದಳು ಅಕ್ಕ. "ನೀ ಸಾಲಿ ಕಲಿಸಾಂವ. ನೀ ಹೇಳಿದ್ರ ಕೇಳ್ತಾರ."

ನ್ಯಾಯ ಹೇಳುವ ಅವಕಾಶ ಸಿಕ್ಕರೆ ನಾನು ಬಿಡುವವನಲ್ಲ. ರಾಶಿಯನ್ನು ಸುತ್ತು ಹಾಕಿದೆ. ಮೊಬೈಲಿನ ಟಾರ್ಚು ಹಚ್ಚಿ ಮೂಲೆಮೂಲೆ ನೋಡಿದೆ. ನಾಲ್ಕು ಕಡೆ ಒಂದೊಂದು ಹಿಡಿ ಕಿತ್ತು ಬೆಳಕಿಗೆ ಹಿಡಿದೆ. ಎಲ್ಲೂ ಒಂದು ಕಲೆಯಿಲ್ಲ, ಅಚ್ಚ ಬಿಳುಪು. ಅಕ್ಕ ಕೈ ಹಾಕಿ ನೋಡು ಅಂದಳೆಂದು ಮೊಣಕೈವರೆಗೆ ಕೈಯನ್ನೂ ಹಾಕಿದೆ. ಏನೂ ತಿಳಿಯಲಿಲ್ಲ. ಕೈ ಕೊಡವಿಕೊಂಡು, ರಾಶಿ ಒಣಗಿದೆ, ಚಿಂತೆಗೆ ಕಾರಣವಿಲ್ಲ ಎಂದು ತೀರ್ಪು ಕೊಟ್ಟೆ. ಭಾವನ ಮುಖ ಅರಳಿತು. ಅಕ್ಕನ ಮುಖ ಸಣ್ಣದಾಯಿತು. ಅವಳ ಕಡೆಯ ಆಸೆ ನಾನಾಗಿದ್ದೆ ಎಂದು ನನಗೆ ಆಗ ಹೊಳೆಯಲೇ ಇಲ್ಲ, ನೆನೆದರೆ ಈಗಲೂ ಕೆಟ್ಟೆನಿಸುತ್ತದೆ.

ಅವಳು ಎದ್ದು ಒಳಗೆ ಹೋಗಿ ಕುಡಿಯುವ ನೀರಿನ ಮಣ್ಣಿನ ಕೊಡದಿಂದ ಒಂದು ಬೋಗುಣಿ ನೀರು ತಂದಳು. ನನ್ನ ಬಲಗೈಯನ್ನು ಹಿಡಿದು ಅದರಲ್ಲಿ ಅದ್ದಿದಳು. ನೂರು ಎಣಿಸುವಷ್ಟು ಹೊತ್ತು ಬಿಡಲಿಲ್ಲ. ಆಮೇಲೆ ಸೆರಗಿನಿಂದ ಕೈಯನ್ನು ಚೊಕ್ಕಟವಾಗಿ ಒರೆಸಿದಳು.

"ಬಿಸಲಾಗ ಬೈಕ್ ಹಿಡಕೊಂಡು ಬಂದ ಕೈ ಅದು. ಬಿಸಿ ಕೈಗಿ ಬಿಸಿ ಹ್ಯಾಂಗ ತಿಳೀತದ? ಈಗ ಹಾಕು. ರಟ್ಟಿ ತನಕ ಹಾಕು."

ಹೆಗಲವರೆಗೆ ತೋಳು ತೂರಿಸಿದೆ. ಮೊಣಕೈವರೆಗೆ ತಂಪು, ಅದರಾಚೆ ಬೆಚ್ಚಗೆ. ಇನ್ನೂ ಆಚೆ ಬೆರಳ ತುದಿಗೆ ತಗಲಿದ್ದು ಆಗಷ್ಟೇ ಹುಟ್ಟಿದ ಕರುವಿನ ಮೈಬಿಸಿ. ನಾನು ಕೈ ತೆಗೆದು ಭಾವನ ಕಡೆ ನೋಡಿದೆ. ಅವರು ನನ್ನ ಮುಖ ನೋಡಿಯೇ ಎದ್ದು ಪಂಚೆ ಮೇಲೆ ಕಟ್ಟಿದರು.

ಹೆಡ್‌ಮಿಸ್ಟ್ರೆಸ್ಸಿಗೆ ಫೋನ್ ಮಾಡಿ ಭಾಷಣವನ್ನು ಮೂರು ಗಂಟೆಗೆ ಹಾಕಿಸಿದೆ. ಓಣಿಯ ನಾಲ್ಕು ಮಂದಿ ಬಂದರು. ಅಂಗಳಕ್ಕೆ ತಾಡಪಾಲು ಹಾಸಿ ರಾಶಿ ಬಿಚ್ಚತೊಡಗಿದೆವು. ಅರ್ಧ ಬಿಚ್ಚುವಷ್ಟರಲ್ಲಿ ನಡುವಿನಿಂದ ಹಬೆ ಎದ್ದಿತು. ಅಲ್ಲಿ ಎರಡು ಚೀಲದಷ್ಟು ಹತ್ತಿ ಕಂದು ಬಣ್ಣಕ್ಕೆ ತಿರುಗಿ ಮುದ್ದೆಯಾಗಿತ್ತು. ಉಳಿದದ್ದೆಲ್ಲ ಬೆಚ್ಚಗಿತ್ತೇ ಹೊರತು ಕೆಟ್ಟಿರಲಿಲ್ಲ. ಇನ್ನೆರಡು ದಿನ ಬಿಟ್ಟಿದ್ದರೆ ಅದೂ ಉಳಿಯುತ್ತಿರಲಿಲ್ಲ. ಅಕ್ಕ ಒಮ್ಮೆಯೂ "ನಾ ಹೇಳಿರಲಿಲ್ಲೇನು" ಎನ್ನಲಿಲ್ಲ. ಅಂದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹತ್ತಿ ಹರವುತ್ತ ಬಿಸಿಲಿನಲ್ಲಿ ನಿಂತಾಗ ಬೋಗುಣಿ ನೀರಿನ ಅರ್ಥ ತಲೆಗಿಳಿಯಿತು. ಅವಕೆಂಪು ಬೆಳಕಿನಲ್ಲಿ ಆಕಾಶ ನೋಡುವ ದೊಡ್ಡ ದೂರದರ್ಶಕಗಳನ್ನು ಭೂಮಿಯಿಂದ ಬಹುದೂರ ಕಳಿಸಿ, ಸೂರ್ಯನಿಗೆ ಅಡ್ಡ ಪರದೆ ಕಟ್ಟಿ, ನಮಗೆ ಊಹಿಸಲಾಗದಷ್ಟು ತಣ್ಣಗೆ ಇಡುತ್ತಾರೆ. ಯಾಕೆಂದರೆ ಬೆಚ್ಚಗಿನ ವಸ್ತು ಏನೇ ಇರಲಿ, ಅದು ತಾನೇ ಅವಕೆಂಪು ಬೆಳಕು ಸೂಸುತ್ತದೆ. ದೂರದರ್ಶಕವೇ ಬಿಸಿಯಾಗಿದ್ದರೆ ಅದಕ್ಕೆ ತನ್ನ ಮೈಯ ಬೆಳಕೇ ಕಾಣುತ್ತದೆ, ನೀಹಾರಿಕೆ ಕಾಣುವುದಿಲ್ಲ. ಇದನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಆ ವಾಕ್ಯ ನನಗೆ ಬಾಯಿಪಾಠ. ಅಷ್ಟಿದ್ದೂ ಹಬೆಯಾಡುವ ರಾಶಿಯ ಮುಂದೆ ಬಿಸಿ ಕೈ ಹಿಡಿದು ನಿಂತು, ಏನೂ ಇಲ್ಲ ಎಂದಿದ್ದೆ. ಬೈಕಿನ ಹಿಂದೆ ನೀಹಾರಿಕೆಯ ಚಿತ್ರ ಕಟ್ಟಿಕೊಂಡಿದ್ದ ಅದೇ ಮನುಷ್ಯ!

ಊಟವಾದ ಮೇಲೆ ಅಕ್ಕ ತಾನೂ ಬರುತ್ತೇನೆ ಎಂದಳು. ನಾನು ಊರೂರು ತಿರುಗಿ ಏನು ಹೇಳುತ್ತೇನೆ ಎಂದು ಒಮ್ಮೆ ನೋಡಬೇಕಂತೆ. ಭಾವ ಹತ್ತಿ ತಿರುವಿಹಾಕಲು ಉಳಿದರು. ಹೊರಡುವಾಗ ನಾನು ಆ ಕಂದು ಹತ್ತಿ ತುಂಬಿದ ಒಂದು ಕೈಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿಕೊಂಡೆ. ಅದೇಕೆ ಎಂದು ಅಕ್ಕ ಕೇಳಿದ್ದಕ್ಕೆ, ಮೌನೇಶ ತೆಗೆದ ಕಲೆಯನ್ನು ಮತ್ತೆ ಹಚ್ಚಬೇಕಾಗಿದೆ ಎಂದೆ. ಅವಳಿಗೆ ಶಾಲೆಯಲ್ಲಿ ಫ್ಲೆಕ್ಸ್ ಬಿಚ್ಚುವವರೆಗೂ ಅರ್ಥವಾಗಲಿಲ್ಲ.

ಗುಲಾಬಿ ನೀಹಾರಿಕೆಯನ್ನು ಗೋಡೆಗೆ ಹಚ್ಚಿ, ಅದರ ಮೇಲೆ ಕಂದು ಹತ್ತಿಯನ್ನು ಗುಂಡುಸೂಜಿಯಿಂದ ಚುಚ್ಚುತ್ತ ಹೋದೆ. ಮೌನೇಶನ ನಕ್ಷತ್ರಗಳು ಮುಚ್ಚಿಹೋದವು. ಧೂಳು ವಾಪಸ್ಸು ಬಂತು, ಹಳೆಯ ಚಿತ್ರದಲ್ಲಿದ್ದುದಕ್ಕಿಂತ ಚೆನ್ನಾಗಿಯೇ ಬಂತು. ಆಮೇಲೆ ಮಕ್ಕಳಿಗೆ ಬುದ್ಧನ ಗುಡ್ಡ ಹೇಳಲಿಲ್ಲ, ಬೆಳಗಿನ ಕಥೆಯನ್ನು ಹೇಳಿದೆ. ನನ್ನ ತೀರ್ಪನ್ನೂ ಬಚ್ಚಿಡಲಿಲ್ಲ. ಮಕ್ಕಳು ನಕ್ಕರು. ಹತ್ತಿ ಬಿಡಿಸುವ ಮನೆಗಳಿಂದಲೇ ಬಂದವರು, ಅವರಿಗೆ ಯಾವುದನ್ನೂ ಎರಡು ಸಲ ಹೇಳಬೇಕಾಗಲಿಲ್ಲ. ಎರಡನೆಯ ಚಿತ್ರ ಬಿಚ್ಚಿದಾಗ, ಒಳಗೆ ನಕ್ಷತ್ರ ಯಾಕೆ ಕಂಡವು ಎಂದು ಅವರೇ ನನಗೆ ವಿವರಿಸಿದರು.

ಅಕ್ಕ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಎಲ್ಲ ಮುಗಿದ ಮೇಲೆ ಮುಂದೆ ಬಂದು ಎರಡೂ ಚಿತ್ರಗಳನ್ನು ಬಹಳ ಹೊತ್ತು ನೋಡಿದಳು. ಇದು ಎಷ್ಟು ದೂರ ಎಂದು ಕೇಳಿದಳು. ಇಲ್ಲಿಂದ ಹೊರಟ ಬೆಳಕು ಅಲ್ಲಿಗೆ ಮುಟ್ಟಲು ಸಾವಿರಾರು ವರ್ಷ ಬೇಕು ಎಂದೆ.

"ಅಲ್ಲೀತನ ಕೈ ಹಾಕ್ಯಾರಲ್ಲ ತಮ್ಮಾ," ಎಂದಳು. "ಅವ್ರ ರಟ್ಟಿ ಎಷ್ಟು ಉದ್ದ ಇದ್ದೀತು."

ನಾನು ಇಷ್ಟು ವರ್ಷ ದೂರದರ್ಶಕವನ್ನು ದೊಡ್ಡ ಕಣ್ಣು ಎಂದು ಹೇಳಿಕೊಡುತ್ತ ಬಂದಿದ್ದೆ. ಆ ಹೊತ್ತಿನಿಂದ ಉದ್ದನೆಯ ತೋಳು ಎನ್ನುತ್ತೇನೆ. ಪರೀಕ್ಷೆಯಲ್ಲಿ ಯಾರಾದರೂ ಹಾಗೆಯೇ ಬರೆದರೆ ಪೂರ್ತಿ ಅಂಕ ಕೊಡುವುದೆಂದು ನಿಶ್ಚಯಿಸಿದ್ದೇನೆ. ಮೌಲ್ಯಮಾಪಕರು ಬೇರೆಯವರಾದರೆ ಹೊಣೆ ನನ್ನದಲ್ಲ.

ಸಂಜೆ ಅಕ್ಕನನ್ನು ಬಿಡಲು ಬಳಿಚಕ್ರಕ್ಕೆ ಬಂದಾಗ ಹತ್ತಿ ಒಣಗಿ ಮತ್ತೆ ಪಡಸಾಲೆ ಸೇರುತ್ತಿತ್ತು. ಭಾವ ಬೋಗುಣಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬಲಗೈಯನ್ನು ನೀರಿನಲ್ಲಿ ಅದ್ದಿಕೊಂಡಿದ್ದರು. ತುಟಿ ಅಲುಗುತ್ತಿತ್ತು, ನೂರು ಎಣಿಸುತ್ತಿದ್ದರೆಂದು ಕಾಣುತ್ತದೆ. ನಮ್ಮನ್ನು ನೋಡಿ ಎದ್ದು, ನೀರು ತೊಟ್ಟಿಕ್ಕುವ ಕೈಯನ್ನು ಹಾಗೆಯೇ ಒಣ ರಾಶಿಯ ಕಡೆ ಚಾಚಿದರು.

"ಮೊದ್ಲ ಒರಸ್ಕೋರಿ," ಎಂದು ಅಕ್ಕ ಸೆರಗು ಕೊಟ್ಟಳು.

ಅವರು ಒರೆಸಿಕೊಂಡು ಕೈ ಹಾಕಿ ನೋಡಿದರು. ಸರಿಯಾಗಿದೆ ಅನ್ನಿಸಿರಬೇಕು. ಆದರೂ ಪಕ್ಕಕ್ಕೆ ಸರಿದು ಅವಳಿಗೆ ಜಾಗ ಬಿಟ್ಟರು. ಅಕ್ಕ ಹೆಗಲವರೆಗೆ ತೋಳು ಹಾಕಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು, ಹೂಂ ಎಂದಳು. ಆಮೇಲೆಯೇ ಭಾವ ಪಡಸಾಲೆಯ ಬಾಗಿಲು ಹಾಕಿದ್ದು.

ನನ್ನ ಕಣ್ಣಿನ ಮೇಲೆ ನನಗೆ ಈಗಲೂ ನಂಬಿಕೆಯಿದೆ. ಬಸ್ಸಿನ ಬೋರ್ಡನ್ನು ಈಗಲೂ ನಾನೇ ಮೊದಲು ಓದುತ್ತೇನೆ. ಮೊನ್ನೆ ಹೆಂಡತಿ ಕಪಾಟಿನಲ್ಲಿ ಜೀರಿಗೆ ಡಬ್ಬಿ ಹುಡುಕಲು ಹೇಳಿದಳು. ಬಾಗಿಲು ತೆರೆದೆ, ಕಣ್ಣಾಡಿಸಿದೆ, ಡಬ್ಬಿ ಇರಲಿಲ್ಲ.

"ನೋಡಿದೆ," ಎಂದೆ. "ಇನ್ನೂ ಕೈ ಹಾಕಿಲ್ಲ."