ಬಲೆಮಣಿಯ ತೂಕ

ಗುಡ್ಡಣ್ಣ ಆರು ತಿಂಗಳಿಂದ ತೆಂಗಿನ ಗೆರಟೆ ಕೂಡಿಡುತ್ತಿದ್ದರು. ಸೊಸೆ ಪೂಜಿತಾ ಅವನ್ನು ಒಂದೊಂದಾಗಿ ಬಚ್ಚಲ ಒಲೆಗೆ ಹಾಕುತ್ತಿದ್ದಳು. ಇಬ್ಬರೂ ಮಾತೆತ್ತಿರಲಿಲ್ಲ.

ಮುಂಬೈಯ ಬ್ಯಾಂಕೊಂದರ ಬಾಗಿಲಲ್ಲಿ ಇಪ್ಪತ್ತೆಂಟು ವರ್ಷ ಕೋವಿ ಹಿಡಿದು ನಿಂತವರು ಗುಡ್ಡಣ್ಣ. ಕೆಲಸದ ಮೇಲೆ ಒಂದು ಗುಂಡನ್ನೂ ಹಾರಿಸಿದವರಲ್ಲ. ವರ್ಷಕ್ಕೊಮ್ಮೆ ಅಭ್ಯಾಸಕ್ಕೆಂದು ಹತ್ತು ಗುಂಡು ಸಿಗುತ್ತಿತ್ತು. ಆ ಹತ್ತನ್ನೇ ನೆನೆಯುತ್ತ ಉಳಿದ ದಿನ ನಿಲ್ಲುತ್ತಿದ್ದರಂತೆ. ಈಗ ಹಂಗಾರಕಟ್ಟೆಗೆ ಮರಳಿ ಬಲೆ ಕಟ್ಟುತ್ತ ಕೂತವರಿಗೆ ಒಂದೇ ಆಸೆ: ಅಗ್ಗದ್ದೊಂದು ಪಾಯಿಂಟ್ ಟೂ ಟೂ ರಿವಾಲ್ವರ್, ಭಾನುವಾರಕ್ಕೆ ಗುರಿಯಿಟ್ಟು ಒಡೆಯಲು ಆರು ಗೆರಟೆ. ಲೈಸೆನ್ಸ್ ಇತ್ತು. ಕೊಕ್ಕರ್ಣೆಯ ರೋಷನ್ ತನ್ನದನ್ನು ಕೊಡಲು ಒಪ್ಪಿದ್ದ. ನೋಡಿ ಹೇಳುವುದಷ್ಟೇ ಬಾಕಿ.

ಆ ವಸ್ತು ಮನೆಗೆ ಬರಬಾರದು ಎಂಬುದೊಂದೇ ಪೂಜಿತಾಳ ಜಪ. ನಾಲ್ಕು ವರ್ಷದ ಮಗಳು ಅನಿಷಾ ಸಕ್ಕರೆ ಡಬ್ಬಿಯಿಂದ ಅಪ್ಪನ ಮೊಬೈಲಿನವರೆಗೆ ತೆರೆಯದೆ ಬಿಟ್ಟದ್ದೇನಿದೆ? ಆದರೆ ಮಾವನಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಮಾವನ ಜೊತೆ ತಾನೂ ಕೊಕ್ಕರ್ಣೆಯ ಬಸ್ಸು ಹತ್ತಿದಳು. ಏನಾದರೊಂದು ಊನ ಸಿಗಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ರೋಷನ್‌ನ ಹಳೇ ಕಲ್ಲುಕೋರೆಯಲ್ಲಿ, ಕೆಂಪುಕಲ್ಲಿನ ಗೋಡೆಗೆ ಆರು ಗೆರಟೆ ಒರಗಿಸಿದರು. ಗುಡ್ಡಣ್ಣನ ಗುಂಡಿಗೆ ಐದು ಒಡೆದವು. ಆರನೆಯದರ ಪಕ್ಕ ಕಲ್ಲು ಸಿಡಿಯಿತು. ಮಾವನ ಮುಖದಲ್ಲಿ ಅಷ್ಟು ಖುಷಿಯನ್ನು ಪೂಜಿತಾ ಕಂಡೇ ಇರಲಿಲ್ಲ.

ಗುಡ್ಡಣ್ಣ ಖಾಲಿ ತೋಟೆಗಳನ್ನು ತೆಗೆದು, ಆರೂ ಗುಂಡಿನ ಗೂಡು ಖಾಲಿಯೇ ಎಂದು ಬೆರಳಿಟ್ಟು ನೋಡಿ, ಚೀಲದಿಂದ ಬೀಸುಬಲೆಯ ಸೀಸದ ಮಣಿಗಳ ಸರವೊಂದನ್ನು ಎಳೆದರು. ಟ್ರಿಗರ್ ಎಷ್ಟು ಬಿಗಿ ಎಂದು ತೂಗಲು ಅವರದು ಅದೇ ತಕ್ಕಡಿ.

"ಹ್ವಾಯ್ ಗುಡ್ಡಣ್ಣ, ಮೀನ್ ಹಿಡುಕ್ ಬಂದದ್ದಾ?" ಎಂದ ರೋಷನ್.

ಸುಮ್ಮನೆ ಟ್ರಿಗರಿಗೆ ನೇತುಹಾಕಿದಾಗ ಇಡೀ ಸರಕ್ಕೂ ಅದು ಜಗ್ಗಲಿಲ್ಲ. ಗುಂಡಿಗೆ ಬಡಿಯುವ ಹಿಂದಿನ ಕೊಕ್ಕೆಯನ್ನು ಹೆಬ್ಬೆರಳಲ್ಲಿ ಎಳೆದು ನಿಲ್ಲಿಸಿದ ಮೇಲೆ ಮಾತ್ರ, ಅರ್ಧ ಸರದ ಭಾರ ಬೀಳುವಷ್ಟರಲ್ಲೇ ಟಕ್ಕೆಂದಿತು. ಗುರಿಗೆ ಇದಕ್ಕಿಂತ ಒಳ್ಳೆಯದು ಬೇಕೇ ಎಂದ ರೋಷನ್. ಗುಡ್ಡಣ್ಣ ಸರವನ್ನು ಅಂಗೈಯಲ್ಲಿ ತೂಗುತ್ತ ಸೊಸೆಯತ್ತ ತಿರುಗಿದರು.

"ಇದನ್ನ್ ನಮ್ಮ್ ಅನಿಷಾ ಎಳ್ಕಂಡ್ ತಿರ್ಗತ್ತಲ್ದಾ, ನಾಯಿಮರಿ ಅಂದೇಳಿ? ಎತ್ತುಕೂ ಆತ್ತಾ ಅದಕ್ಕೆ?"

ಪೂಜಿತಾ ಒಂದು ಹೆಜ್ಜೆ ಮುಂದೆ ಬಂದಳು. "ಇಡೀ ಸರ ಒಂದೇ ಕೈಯಗೆ ಎತ್ತತ್ತ್, ಮಾವ."

"ಕೋವಿ ಸಮ ಇತ್ತ್ ಮಾರಾಯ, ಎಂತ ಹುಳ್ಕೂ ಇಲ್ಲೆ," ಎಂದು ಗುಡ್ಡಣ್ಣ ಅದನ್ನು ರೋಷನ್‌ನ ಕೈಗಿಟ್ಟರು. "ಆರೆ ನನ್ನ್ ಮನಿಗಲ್ಲ."

ಬೀಗ ಹಾಕಿಟ್ಟರಾಯಿತಲ್ಲ ಎಂದ ಅವನು. ಇಪ್ಪತ್ತೆಂಟು ವರ್ಷ ಬೀಗ ಕಾದವನು ನಾನು ಎಂದಷ್ಟೇ ಹೇಳಿ ಗುಡ್ಡಣ್ಣ ಚೀಲ ಹೆಗಲಿಗೇರಿಸಿದರು.

ಬಸ್ಸಿನಲ್ಲಿ ಪೂಜಿತಾಳಿಗೆ ನೆಮ್ಮದಿಯೇನೋ ಆಯಿತು, ಆದರೆ ಮಾವನ ಕಡೆ ತಿರುಗಿ ನೋಡಲಾಗಲಿಲ್ಲ.

ಸಂಜೆ ಮೊಮ್ಮಗಳ ಸ್ನಾನದ ನೀರಿಗೆ ಗುಡ್ಡಣ್ಣ ತಾವೇ ಗೆರಟೆಗಳನ್ನು ಒಲೆಗೆ ನೂಕುತ್ತಿದ್ದರು. ಪೂಜಿತಾ ಓಡಿ ಬಂದು ಆರನ್ನು ಮಾವನಿಗೆಂದು ಆಚೆ ತೆಗೆದಿಟ್ಟಳು. ಅವರು ಅವಳನ್ನೂ ಗೆರಟೆಯನ್ನೂ ನೋಡಿದರು. ಒಂದನ್ನು ಎತ್ತಿ ಬೆಂಕಿಗೆ ಹಾಕಿದರು.

"ಐದ್ ಸಾಕ್ ಮಗಾ. ಆರನೇದ್ ಹ್ಯಾಂಗೂ ತಾಗ್ಲಿಲ್ಲೆ."